ತಜ್ಞರ ಉತ್ತರ: ಸ್ಮಾರ್ಟ್ ಕ್ಲಾಸ್ ಬಂದ ಮೇಲೆ ಇಬ್ಬರು ಮಕ್ಕಳಿಗೂ ನನಗೂ ಕಷ್ಟ ಜಾಸ್ತಿಯಾಗಿದೆ, ಏನು ಮಾಡಲಿ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮ. ಕಳೆದ ವರ್ಷ ಸ್ಮಾರ್ಟ್ ಬೋರ್ಡ್ ಬಂತು. ನೋಟ್ಸ್ ಅನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತೇವೆ, ಕಿರುಪರೀಕ್ಷೆಗಳನ್ನು ಕ್ವಿಜ್ ಆ್ಯಪ್‌ನಲ್ಲಿ ಮಾಡುತ್ತೇವೆ. ಎಂಟನೇ ತರಗತಿಯ ಒಬ್ಬ ಹುಡುಗ ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತಾನೆ, ಓದು ಅಂದರೆ ತಡವರಿಸುತ್ತಾನೆ. ಕ್ವಿಜ್‌ನಲ್ಲಿ ಯಾವಾಗಲೂ ಕೊನೆ. ಇನ್ನೊಬ್ಬಳು ಹುಡುಗಿಗೆ ಆಟಿಸಂ ಇದೆ. ಬೋರ್ಡಿನಲ್ಲಿ ವಿಡಿಯೊ ಶುರುವಾದ ತಕ್ಷಣ ಕಿವಿ ಮುಚ್ಚಿಕೊಂಡು ಬೆಂಚಿಗೆ ತಲೆ ಇಡುತ್ತಾಳೆ. ಮೊಬೈಲ್ ನೋಡಿಯೇ ಹೀಗಾಯಿತು ಅಂತ ಅವಳ ಅಜ್ಜಿ ಮನೆಯಲ್ಲಿ ಮೊಬೈಲ್ ಪೂರ್ತಿ ಬಿಡಿಸಿದ್ದಾರೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಕಷ್ಟವಾಗುವ ತೊಂದರೆ, ಇರುವವರಿಗೆ ಬೇರೆ ಫಾಂಟ್, ಬಣ್ಣದ ಪರದೆ ಹಾಕಿ ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಒಂದು ಕಂಪನಿಯವರು ಇಂಥ ಮಕ್ಕಳಿಗೆಂದೇ ಆ್ಯಪ್ ಇದೆ ಅಂತ ಆಡಳಿತ ಮಂಡಳಿಯ ಬಳಿ ಬಂದಿದ್ದಾರೆ. ಕೊನೆಯದಾಗಿ, ಶಾಲೆಯಲ್ಲಿ ಯಾರಿಗೂ ಹೇಳಿಲ್ಲದ ವಿಷಯ. ನನಗೀಗ 38 ವರ್ಷ. ಹೋದ ವರ್ಷ ಮನೋವೈದ್ಯರು ನನಗೇ ಎಡಿಎಚ್‌ಡಿ, ಅಂದರೆ ಗಮನ ಹಿಡಿದಿಡುವುದು ಕಷ್ಟವಾಗುವ ಸಮಸ್ಯೆ, ಇದೆ ಅಂದರು. ಪಾಠ ಮಾಡುವುದು ಕಷ್ಟವಲ್ಲ. ಗ್ರೂಪ್ ಮೆಸೇಜುಗಳು, ಮಕ್ಕಳ ಅಂಕ, ವಿವರ ತುಂಬುವ ಸರ್ಕಾರದ ಎಸ್‌ಎಟಿಎಸ್ ತಾಣದ ಎಂಟ್ರಿ, ಈಗಲೇ ಕಳಿಸಿ ಅನ್ನುವ ಮಾಹಿತಿಗಳು ನನ್ನನ್ನು ಹಿಂಡುತ್ತಿವೆ. ಎಚ್‌ಎಂಗೆ ಹೇಳಬೇಕೇ, ಬೇಡವೇ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಮೂವರ ಕಷ್ಟ ಇದೆ. ಮೂರನೆಯವರದ್ದನ್ನು ಸಂಕೋಚಪಟ್ಟು ಕೊನೆಗೆ ಬರೆದಿದ್ದೀರಿ. ಅದನ್ನೂ ನಾನು ಉಳಿದೆರಡರಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮಕ್ಕಳಿಗೆ ಅನುಕೂಲ ಮಾಡಿಕೊಡಬೇಕಾದ ಟೀಚರೇ ಸೋತು ಕೂತರೆ ಯಾವ ಬದಲಾವಣೆಯೂ ಒಂದು ತಿಂಗಳು ದಾಟುವುದಿಲ್ಲ. ಇನ್ನೊಂದು ಸಮಾಧಾನದ ವಿಷಯವೂ ಇದೆ. ಆ ಹುಡುಗನಿಗೆ, ಆ ಹುಡುಗಿಗೆ, ನಿಮಗೆ ತೊಂದರೆ ಕೊಡುತ್ತಿರುವ ಸಂಗತಿಗಳು ಬಹುಪಾಲು ಒಂದೇ. ಕಡತಗಳು ಯಾವ ರೂಪದಲ್ಲಿ ಬರುತ್ತಿವೆ, ಎಷ್ಟು ಹೊತ್ತು ಕೊಡುತ್ತಿದ್ದಾರೆ, ಎಷ್ಟು ಸದ್ದು, ಸೂಚನೆಗಳು ಎಷ್ಟು ಕಡೆ ಚದುರಿ ಹೋಗಿವೆ ಅನ್ನುವುದರಲ್ಲೇ ಕಷ್ಟ ಇದೆ. ವಿಶೇಷ ಶಿಕ್ಷಣದ ಕೆಲಸದಲ್ಲಿ ಎಷ್ಟೋ ಶಾಲೆಗಳಲ್ಲಿ ಇದನ್ನೇ ನೋಡಿದ್ದೇನೆ. ಸರಿ ಮಾಡಲು ದುಡ್ಡು ಬೇಡ, ಆದರೆ ಶಿಕ್ಷಕರೆಲ್ಲ ಕೂತು ಒಪ್ಪಿಕೊಳ್ಳಬೇಕು.

ಮೊದಲು ಅಜ್ಜಿಯ ಮಾತು. ಮೊಬೈಲ್ ನೋಡಿ ಆಟಿಸಂ ಬರುವುದಿಲ್ಲ. ಆಟಿಸಂ ಅನ್ನುವುದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಚಿಕ್ಕ ಮಕ್ಕಳು ಹೊತ್ತುಗಟ್ಟಲೆ ಪರದೆ ನೋಡುತ್ತಾ ಕೂತರೆ ನಿದ್ದೆ ಕೆಡುತ್ತದೆ, ಮನೆಯವರ ಜೊತೆ ಮಾತಾಡುವ ಹೊತ್ತು ಕಡಿಮೆಯಾಗುತ್ತದೆ. ಅಜ್ಜಿಯ ಆತಂಕದಲ್ಲಿ ಅಷ್ಟು ನಿಜ ಇದೆ. ಆದರೆ ಮೊಬೈಲ್ ಬಿಡಿಸಿದರೆ ಆಟಿಸಂ ಹೋಗುತ್ತದೆ ಅಂತ ಕಾಯುತ್ತಾ ಕೂತರೆ ಬೇಕಾದ ನೆರವು ತಡವಾಗುತ್ತದೆ. ತಪ್ಪು ತಮ್ಮದೇ ಅನ್ನುವ ಭಾರವನ್ನೂ ಮನೆಯವರು ಸುಮ್ನೆ ಹೊರುತ್ತಾರೆ. ಅಜ್ಜಿಯ ಹತ್ತಿರ ವಾದ ಮಾಡಬೇಡಿ. ಮನರಂಜನೆಗೆ ಇಷ್ಟು ಹೊತ್ತು, ಪಾಠಕ್ಕೆ ಇಷ್ಟು ಹೊತ್ತು ಅಂತ ಬೇರೆ ಮಾಡಿ ಹೇಳಿ. ಪಾಠದ ಆ ಸ್ವಲ್ಪ ಹೊತ್ತು ಯಾಕೆ ಬೇಕು ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಫಾಂಟಿನ ವಿಷಯ. ಡಿಸ್ಲೆಕ್ಸಿಯಾ ಇರುವವರಿಗೆಂದು ಮಾಡಿದ ಓಪನ್‌ಡಿಸ್ಲೆಕ್ಸಿಕ್ ಫಾಂಟ್ ಇಂಗ್ಲಿಷ್ ಲಿಪಿಯದ್ದು. ಅದನ್ನು ಪರೀಕ್ಷಿಸಿ ನೋಡಿದ ಅಧ್ಯಯನಗಳಲ್ಲೂ ಓದಿನ ವೇಗವಾಗಲಿ ತಪ್ಪಿಲ್ಲದ ಓದಾಗಲಿ ಸುಧಾರಿಸಿದ್ದು ಖಚಿತವಾಗಿ ಕಂಡಿಲ್ಲ. ಬಣ್ಣದ ಹಾಳೆ, ಬಣ್ಣದ ಕನ್ನಡಕದ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಜಂಟಿ ಹೇಳಿಕೆ ಕೊಟ್ಟಿವೆ: ಡಿಸ್ಲೆಕ್ಸಿಯಾಗೆ ಇವು ಚಿಕಿತ್ಸೆ ಅನ್ನಲು ಪುರಾವೆ ಇಲ್ಲ. ಬಿಳಿ ಹಿನ್ನೆಲೆ ಕಣ್ಣಿಗೆ ಚುಚ್ಚುತ್ತದೆ ಅಂತ ಮಗುವೇ ಹೇಳಿದರೆ ಹಿನ್ನೆಲೆ ಬದಲಾಯಿಸಿ ಕೊಡಿ, ಅದರಲ್ಲಿ ತಪ್ಪೇನೂ ಇಲ್ಲ. ಅದರಿಂದ ಓದು ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಹಾಗಾದರೆ ಉಪಯೋಗಕ್ಕೆ ಬರುವುದು ಯಾವುದು? ಜಾಗ. 2012ರಲ್ಲಿ ಡಿಸ್ಲೆಕ್ಸಿಯಾ ಇರುವ ಇಟಾಲಿಯನ್ ಮತ್ತು ಫ್ರೆಂಚ್ ಮಕ್ಕಳ ಜೊತೆ ನಡೆದ ಒಂದು ಅಧ್ಯಯನದಲ್ಲಿ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದಾಗ ತಪ್ಪು ಕಡಿಮೆಯಾಯಿತು, ಓದು ಚುರುಕಾಯಿತು. ಕನ್ನಡದಲ್ಲಿ ಇದಕ್ಕಿಂತ ಮುಖ್ಯವಾದದ್ದು ಸಾಲುಗಳ ನಡುವಿನ ಜಾಗ ಅನ್ನುವುದು ನನ್ನ ಅನುಭವ.

ಯಾಕೆ ಅಂತ ನೋಡಿ. ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ನಮ್ಮ ಅಕ್ಷರ ಮೇಲೆ, ಕೆಳಗೆ, ಬಲಕ್ಕೆ ಮೂರೂ ಕಡೆ ಬೆಳೆಯುತ್ತದೆ. 'ಸ್ವಾತಂತ್ರ್ಯ' ಅನ್ನುವ ಪದದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. 'ಧರ್ಮ'ದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಅರ್ಕಾವೊತ್ತನ್ನು ಮಕಾರ ಆದ ಮೇಲೆ ಬರೆಯುತ್ತೇವೆ. ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳನ್ನು ಗಮನಿಸಿದ ಸಂಶೋಧನೆಗಳ ಪ್ರಕಾರ ಈ ಕಲಿಕೆ ನಾಲ್ಕೈದನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇನ್ನೂ ಹೊತ್ತು ಬೇಕು. ಇದಕ್ಕೂ ಬುದ್ಧಿಗೂ ಸಂಬಂಧ ಇಲ್ಲ. ನಿಮ್ಮ ಹುಡುಗ ಬಾಯಲ್ಲಿ ಕೊಡುವ ಉತ್ತರವೇ ಅದನ್ನು ಹೇಳುತ್ತಿದೆ, ಅಲ್ವಾ?

ಈಗ ಅವನ ಕೈಗೆ ನಿಮ್ಮ ಪಿಡಿಎಫ್ ಕೊಡಿ. ಎ4 ಹಾಳೆಗೆಂದು ಟೈಪ್ ಮಾಡಿದ ನೋಟ್ಸ್ ಅಂಗೈಯಗಲದ ಮೊಬೈಲ್‌ನಲ್ಲಿ ತೆರೆಯುತ್ತದೆ. ಅಕ್ಷರ ಸಣ್ಣದು, ಹಾಗಾಗಿ ಬೆರಳಲ್ಲಿ ಹಿಗ್ಗಿಸುತ್ತಾನೆ. ಹಿಗ್ಗಿಸಿದರೆ ಅರ್ಧ ಸಾಲು ಪರದೆಯಿಂದಾಚೆ ಹೋಗುತ್ತದೆ. ಬಲಕ್ಕೆ ಸರಿಸಿ ಸಾಲು ಮುಗಿಸಿ, ಮತ್ತೆ ಎಡಕ್ಕೆ ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನುವುದೇ ತಪ್ಪಿಹೋಗುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಗುವಿನ ಪಕ್ಕ ಕೂತು ಹತ್ತು ನಿಮಿಷ ಇದನ್ನು ನೋಡಿ ಅಂತ ಪ್ರತಿ ಶಾಲೆಯಲ್ಲೂ ಶಿಕ್ಷಕರಿಗೆ ಹೇಳುತ್ತೇನೆ. ನೋಡಿದವರು ಆಮೇಲೆ ಆ ಥರದ ಪಿಡಿಎಫ್ ಕಳಿಸುವುದಿಲ್ಲ.

ಇದರ ಜೊತೆಗೆ ಕಣ್ಣಿಗೆ ಕಾಣದ ಒಂದು ತೊಡಕು. ನಮ್ಮ ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಟೈಪ್ ಮಾಡುತ್ತಾರೆ. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಹಾಗಾಗಿ ಮೊಬೈಲ್‌ನಲ್ಲಿ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಇದ್ದರೂ ಅದು ಈ ಕಡತವನ್ನು ಓದಲಾರದು. ಪರೀಕ್ಷಿಸುವುದು ಸುಲಭ. ನಿಮ್ಮ ನೋಟ್ಸ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಮೊಬೈಲ್, ಕಂಪ್ಯೂಟರುಗಳೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ಸಂಕೇತ. ಗೋಜಲು ಬಂದರೆ ಹಳೆಯ ಫಾಂಟ್, ಅಥವಾ ಪಿಡಿಎಫ್‌ನಲ್ಲೇ ಅಕ್ಷರ ಕಲಸಿಹೋಗಿದೆ ಅಂತ ಅರ್ಥ. ಕಾಪಿಯೇ ಆಗದಿದ್ದರೆ ಅದು ಬರೀ ಚಿತ್ರ. ಹಳೆಯ ನೋಟ್ಸ್ ಅನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳಲ್ಲಿ ತಪ್ಪು ನುಸುಳುತ್ತದೆ, ಒಮ್ಮೆ ಓದಿ ನೋಡಬೇಕು. ಮುಂದಿನದ್ದನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಸಾಲಿನ ಅಂತರ ಒಂದೂವರೆ ಇಡಿ, ಪಿಡಿಎಫ್ ಬದಲು ಗೂಗಲ್ ಡಾಕ್ ಅಥವಾ ಸಾದಾ ಮೆಸೇಜಾಗಿಯೇ ಕಳಿಸಿ. ಆಗ ಪರದೆಯ ಅಗಲಕ್ಕೆ ಸಾಲು ತಾನೇ ಮಡಚಿಕೊಳ್ಳುತ್ತದೆ. ಆಂಡ್ರಾಯ್ಡ್ ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ ಇರುವ ಸೆಲೆಕ್ಟ್ ಟು ಸ್ಪೀಕ್ ಆನ್ ಮಾಡಿದರೆ ಅದು ಓದಿಯೂ ಹೇಳುತ್ತದೆ.

ಯಂತ್ರದ ದನಿ ಬೇಡ ಅನ್ನಿಸಿದರೆ ಇನ್ನೂ ಸುಲಭದ ದಾರಿ ನಿಮ್ಮದೇ ದನಿ. ಪಾಠದ ಸಾರವನ್ನು ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಇಡೀ ತರಗತಿಗೆ ಕಳಿಸಿ. ಇಡೀ ತರಗತಿಗೆ ಅನ್ನುವುದು ಮುಖ್ಯ. ಒಬ್ಬನಿಗೇ ಕಳಿಸಿದರೆ ಎಂಟನೇ ಕ್ಲಾಸಿನ ಹುಡುಗ ನಾಚಿಕೆಯಿಂದ ಅದನ್ನು ತೆರೆಯುವುದೇ ಇಲ್ಲ.

ಇದರಲ್ಲಿ ಒಂದು ಅಪಾಯ ಇದೆ. ಎಲ್ಲವನ್ನೂ ಕೇಳಿಸಿಕೊಂಡೇ ಕಲಿತರೆ ಓದುವ ಅಭ್ಯಾಸ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಎರಡನ್ನೂ ಬೇರೆ ಇಡಿ. ಸಮಾಜ ವಿಜ್ಞಾನವನ್ನು ಕಿವಿಯಿಂದ ಕಲಿಯಲಿ, ಹಿಂದೆ ಬೀಳದಿರಲಿ. ಓದನ್ನು ಕನ್ನಡ ಮೇಷ್ಟ್ರು ಅಥವಾ ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ ಶಿಕ್ಷಕರು ಅಕ್ಷರ, ಗುಣಿತ, ಒತ್ತು ಅಂತ ಕ್ರಮವಾಗಿ ಬೇರೆ ಹೊತ್ತಿನಲ್ಲಿ ಕಲಿಸಲಿ.

ಇನ್ನು ಕ್ವಿಜ್. ಹರ್ಷವರ್ಧನನನ್ನು ತಡೆದವನು ಇಮ್ಮಡಿ ಪುಲಿಕೇಶಿ ಅಂತ ಅವನಿಗೆ ಗೊತ್ತು. ಪ್ರಶ್ನೆ ಓದಿ ಮುಗಿಸುವ ಮೊದಲೇ ಟೈಮರ್ ಮುಗಿದಿರುತ್ತದೆ. ನೀವು ಅಳೆಯುತ್ತಿರುವುದು ಇತಿಹಾಸವನ್ನಲ್ಲ, ಓದಿನ ವೇಗವನ್ನು. ಅದರ ಮೇಲೆ ಯಾರು ಮೊದಲು, ಯಾರು ಕೊನೆ ಅನ್ನುವ ಪಟ್ಟಿಯನ್ನು ದೊಡ್ಡ ಬೋರ್ಡಿನಲ್ಲಿ ತೋರಿಸುವುದು ಕ್ರೂರ ಅಂತಲೇ ಹೇಳುತ್ತೇನೆ. ಟೈಮರ್, ಸಂಗೀತ, ರ‍್ಯಾಂಕ್ ಪಟ್ಟಿ ಮೂರನ್ನೂ ತೆಗೆಯಿರಿ. ಆ ಆ್ಯಪ್‌ನಲ್ಲಿ ಆಗದಿದ್ದರೆ ಗೂಗಲ್ ಫಾರ್ಮ್ಸ್ ಸಾಕು. ಪ್ರಶ್ನೆಯನ್ನು ನೀವೇ ಒಮ್ಮೆ ಗಟ್ಟಿಯಾಗಿ ಓದಿ. ಸಮಯದ ಮಿತಿ ಬೇಕೇ ಬೇಕು ಅಂದರೆ ಒಂದು ಲೆಕ್ಕ ಇದೆ. ಅಂಗವಿಕಲ ಅಭ್ಯರ್ಥಿಗಳ ಲಿಖಿತ ಪರೀಕ್ಷೆಗೆ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂತ ಹೇಳಿತ್ತು. ನಿಮ್ಮ ಕಿರುಪರೀಕ್ಷೆಗೂ ಅದೇ ಪ್ರಮಾಣ ಹಿಡಿಯಿರಿ.

ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಬೇಕು ಅಂದರೆ ಅವನಿಗೆ ಪ್ರಮಾಣಪತ್ರ ಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ (ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ), ಆಟಿಸಂ ಕೂಡ ಇದೆ. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಕರೆದುಕೊಂಡು ಹೋಗಲು ಪೋಷಕರಿಗೆ ಹೇಳಿ. ಹಾಸನದಿಂದ ಎರಡೂ ಹೋಗಿಬರುವ ದೂರವೇ. ಪರೀಕ್ಷೆ ಕನ್ನಡದಲ್ಲೇ ಆಗಬೇಕು ಅಂತ ಕೇಳಿ. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷ್ ಓದಿಸಿ ಅಳೆದರೆ ಸರಿಯಾದ ಚಿತ್ರ ಸಿಗುವುದಿಲ್ಲ. ಎಂಟನೇ ತರಗತಿಯಲ್ಲೇ ಶುರು ಮಾಡಿ, ಕಾಗದಪತ್ರಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ತರಗತಿಯೊಳಗಿನ ಬದಲಾವಣೆಗೆ ಯಾವ ಪ್ರಮಾಣಪತ್ರವೂ ಬೇಡ, ನಾಳೆಯೇ ಮಾಡಬಹುದು.

ಹುಡುಗಿಯ ವಿಷಯ. ಅವಳು ಪಾಠ ಬೇಡ ಅನ್ನುತ್ತಿಲ್ಲ, ಸದ್ದನ್ನು ತಡೆಯಲಾಗುತ್ತಿಲ್ಲ. ಆಟಿಸಂ ಇರುವ ಅನೇಕರಿಗೆ ದನಿ, ಬೆಳಕು ನಮಗಿಂತ ತೀರಾ ಜೋರಾಗಿ ಅನುಭವಕ್ಕೆ ಬರುತ್ತವೆ. ಅದರಲ್ಲೂ ಹೇಳದೆ ಕೇಳದೆ ಬಂದರೆ ಇನ್ನೂ ಕಷ್ಟ. ಬೋರ್ಡಿನ ಸ್ಪೀಕರ್ ಹತ್ತಿರ ಕೂರಿಸಬೇಡಿ. ವಿಡಿಯೊ ಹಾಕುವ ಮೊದಲು ದನಿ ಶೂನ್ಯಕ್ಕೆ ಇಳಿಸಿ, ಶುರು ಮಾಡಿ, ನಿಧಾನವಾಗಿ ಏರಿಸಿ. ಇಷ್ಟು ಹೊತ್ತಿನ ವಿಡಿಯೊ, ಆಮೇಲೆ ಪುಸ್ತಕ ಅಂತ ಮುಂಚೆ ಹೇಳಿ. ಆಟೊಪ್ಲೇ ಆಫ್ ಮಾಡಿ. ಸ್ಲೈಡಿನಲ್ಲಿ ಹಾರಿಬರುವ ಅಕ್ಷರ, ಮಿನುಗುವ ಚಿತ್ರ ತೆಗೆದುಬಿಡಿ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಬೇಕು ಅಂತ ಜಗತ್ತೇ ಪಾಲಿಸುವ ಡಬ್ಲ್ಯುಸಿಎಜಿ ಮಾನದಂಡದಲ್ಲೂ ಈ ಮಾತು ಇದೆ. ತಾನಾಗಿ ಶುರುವಾದ ಸದ್ದು 3 ಸೆಕೆಂಡ್ ದಾಟಿದರೆ, ಬೇರೆ ವಿಷಯದ ಪಕ್ಕದಲ್ಲಿ ತಾನಾಗಿ ಚಲಿಸುವ ಚಿತ್ರ 5 ಸೆಕೆಂಡ್ ದಾಟಿದರೆ ಅದನ್ನು ನಿಲ್ಲಿಸುವ ದಾರಿ ಇರಬೇಕು.

ಅಜ್ಜಿಯ ಹತ್ತಿರ ಕೇಳಬೇಕಾದ ಆ ಸ್ವಲ್ಪ ಹೊತ್ತು ಇಲ್ಲಿ ಬೇಕಾಗುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ತಾಣ ದೀಕ್ಷಾದಲ್ಲಿರುವ ಪಾಠದ ವಿಡಿಯೊ ಸಿಗುತ್ತದೆ. ಮರುದಿನ ತೋರಿಸುವ ವಿಡಿಯೊವನ್ನು ಹಿಂದಿನ ಸಂಜೆಯೇ ಅವಳು ಮನೆಯಲ್ಲಿ, ತನಗೆ ಬೇಕಾದಷ್ಟು ದನಿಯಲ್ಲಿ, ಬೇಕಾದಲ್ಲಿ ನಿಲ್ಲಿಸಿ ನೋಡಲಿ. ಹತ್ತು ಹದಿನೈದು ನಿಮಿಷದ ಕೆಲಸ, ಅಜ್ಜಿಯೂ ಪಕ್ಕದಲ್ಲಿ ಕೂತು ನೋಡಬಹುದು. ಮಾರನೇ ದಿನ ತರಗತಿಯಲ್ಲಿ ಅದು ಹೊಸದಾಗಿರುವುದಿಲ್ಲ. ಆಮೇಲೂ ಅವಳು ಕಿವಿ ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ಕೈ ತೆಗೆಸಬೇಡಿ. ಉತ್ತರವನ್ನು ಎದ್ದು ನಿಂತು ಹೇಳುವ ಬದಲು ಬರೆದು ತೋರಿಸಿದರೂ ಒಪ್ಪಿಕೊಳ್ಳಿ.

ಈಗ ನಿಮ್ಮ ಮಾತು.

ಎಡಿಎಚ್‌ಡಿ ಮಕ್ಕಳಿಗೆ ಮಾತ್ರ ಇರುತ್ತದೆ, ದೊಡ್ಡವರಾದರೆ ಹೋಗುತ್ತದೆ ಅನ್ನುವುದು ತಪ್ಪು. ಹಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಓಡಾಡಿ ಗಲಾಟೆ ಮಾಡದ ಹೆಣ್ಣುಮಕ್ಕಳಲ್ಲಂತೂ ಚಿಕ್ಕಂದಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಸೋಮಾರಿತನವಲ್ಲ, ಗಮನವೇ ಇಲ್ಲ ಅಂತಲೂ ಅಲ್ಲ. ಗಮನವನ್ನು ಬೇಕಾದ ಕಡೆ ತಿರುಗಿಸುವುದು, ಮಾಡುತ್ತಿದ್ದ ಕೆಲಸವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ತರಗತಿಯಲ್ಲಿ ಮಕ್ಕಳ ಮುಖ, ಪ್ರಶ್ನೆ, ಮಾತು ನಿಮ್ಮನ್ನು ಹಿಡಿದಿಡುತ್ತವೆ, ಅಲ್ಲಿ ಕಷ್ಟವಾಗುವುದಿಲ್ಲ. ಎಸ್‌ಎಟಿಎಸ್‌ನಲ್ಲಿ ಒಂದು ಮಗುವಿನ ಅಂಕ ತುಂಬುವಾಗ ಮೊಬೈಲ್ ಟಿಣ್ ಅನ್ನುತ್ತದೆ, ಬಿಸಿಯೂಟದ ಲೆಕ್ಕ ಕೇಳಿರುತ್ತಾರೆ, ಅದನ್ನು ಕಳಿಸಿ ಬರುವಷ್ಟರಲ್ಲಿ ಪುಟ ಲಾಗೌಟ್ ಆಗಿರುತ್ತದೆ, ಯಾವ ಮಗುವಿನವರೆಗೆ ತುಂಬಿದ್ದೆ ಅನ್ನುವುದು ಮರೆತಿರುತ್ತದೆ. ಬೇರೆಯವರಿಗೆ ಇದು ಕಿರಿಕಿರಿ. ನಿಮಗೆ ಕೆಲಸವೇ ಮೊದಲಿನಿಂದ ಶುರು.

ನಿಮ್ಮ ಕೈಯಲ್ಲಿರುವುದನ್ನು ಮೊದಲು ಮಾಡಿ. ಎಲ್ಲ ಗ್ರೂಪ್ ಮ್ಯೂಟ್ ಮಾಡಿ, ದಿನಕ್ಕೆ ಎರಡು ನಿಗದಿತ ಹೊತ್ತು ಮಾತ್ರ ನೋಡಿ. ತುರ್ತು ಇದ್ದರೆ ಫೋನ್ ಮಾಡಿ ಅಂತ ಹೇಳಿಡಿ. ಅಂಕಗಳನ್ನು ಮೊದಲು ಕಾಗದದಲ್ಲೋ ಎಕ್ಸೆಲ್‌ನಲ್ಲೋ ಪೂರ್ತಿ ಸಿದ್ಧ ಮಾಡಿಕೊಂಡು, ತುಂಬಿದ ಹೆಸರಿಗೆ ಟಿಕ್ ಹಾಕುತ್ತಾ ಹೋಗಿ. ತರಗತಿಯ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಶುಭೋದಯದ ಹೂವಿನ ಚಿತ್ರಗಳ ಮಧ್ಯೆ ಹೋಂವರ್ಕ್ ಕಳೆದುಹೋಗುವುದು ನಿಲ್ಲುತ್ತದೆ. ದಿನಕ್ಕೆ ಒಂದೇ ಮೆಸೇಜು, ಅದೇ ಹೊತ್ತಿಗೆ, ಎಲ್ಲ ವಿಷಯದ ಹೋಂವರ್ಕ್ ಒಟ್ಟಿಗೆ, ಅದನ್ನು ಪಿನ್ ಮಾಡಿ. ಇದರಿಂದ ಹುಡುಗನಿಗೂ ಹುಡುಗಿಗೂ ಅನುಕೂಲ, ನಿಮಗೂ ಅನುಕೂಲ. ಔಷಧಿ ಕೊಟ್ಟಿದ್ದರೆ ಅದರ ಬಗ್ಗೆ ನಿಮ್ಮ ವೈದ್ಯರ ಮಾತೇ ಕೊನೆ.

ಎಚ್‌ಎಂಗೆ ಹೇಳಬೇಕೇ? ಕಾನೂನು ಏನು ಹೇಳುತ್ತದೆ ನೋಡೋಣ. 2016ರ ಕಾಯ್ದೆಯ 21ರ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರು ಇಲ್ಲ. ಹಾಗಾಗಿ ಅದೊಂದರ ಹೆಸರಿನಲ್ಲೇ ಪ್ರಮಾಣಪತ್ರ ಸಿಗುವುದು ಕಷ್ಟ. ಆದರೆ ಅಂಗವಿಕಲ ವ್ಯಕ್ತಿ ಯಾರು ಅನ್ನುವ ವ್ಯಾಖ್ಯೆ ಆ ಪಟ್ಟಿಗಿಂತ ವಿಶಾಲವಾಗಿದೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು: ಅಗತ್ಯ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವ ಹಕ್ಕು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮಾತ್ರ ಸೀಮಿತವಲ್ಲ. ಅದು ಪರೀಕ್ಷೆ ಬರೆಯಲು ಸಹಾಯಕರನ್ನು ಕೇಳಿದ ಅಭ್ಯರ್ಥಿಯ ಪ್ರಕರಣ. ಅದರ ಹಿಂದಿನ ತತ್ವ ನಿಮಗೂ ಬಲ ಕೊಡುತ್ತದೆ. ಆದರೆ ಅನುದಾನಿತ ಶಾಲೆಯ ಸ್ಟಾಫ್ ರೂಮಿನಲ್ಲಿ ಕೋರ್ಟಿನ ತೀರ್ಪು ಹಿಡಿದು ನಿಲ್ಲುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ಪೂರ್ತಿ ಹೇಳಿದರೆ ಒಳ್ಳೆಯ ಎಚ್‌ಎಂ ಬೆನ್ನಿಗೆ ನಿಲ್ಲುತ್ತಾರೆ, ಮುಚ್ಚಿಡುವ ಆಯಾಸ ತಪ್ಪುತ್ತದೆ. ಆದರೆ ಒಮ್ಮೆ ಹೊರಬಿದ್ದ ಮಾತನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ನಾಳೆ ಯಾವುದೋ ಲೆಕ್ಕ ತಪ್ಪಿದರೆ ಎಲ್ಲರೂ ಅದಕ್ಕೇ ಗಂಟು ಹಾಕುತ್ತಾರೆ. ಏನೂ ಹೇಳದಿದ್ದರೆ ಈಗಿನ ಹಾಗೇ ಒಳಗೊಳಗೇ ಬೇಯುತ್ತೀರಿ. ಹೆಚ್ಚಿನವರಿಗೆ ನಾನು ಹೇಳುವುದು ನಡುವಿನ ದಾರಿ. ರೋಗನಿರ್ಣಯ ಹೇಳಬೇಡಿ, ಬೇಕಾದ್ದನ್ನು ಹೇಳಿ. "ಸರ್, ಬಾಯಲ್ಲಿ ಹೇಳಿದ ಕೆಲಸ ತಪ್ಪಿಹೋಗುತ್ತಿದೆ, ದಿನಾಂಕ ಹಾಕಿ ಬರೆದು ಕೊಡಿ. ಎಸ್‌ಎಟಿಎಸ್ ಎಂಟ್ರಿಗೆ ವಾರದಲ್ಲಿ ಎರಡು ಪೀರಿಯಡ್ ಒಟ್ಟಿಗೆ ಕೊಡಿ, ಆ ಹೊತ್ತಿನಲ್ಲಿ ಬೇರೆ ಕೆಲಸ ಹೇಳಬೇಡಿ. ತುಂಬಿದ್ದನ್ನು ಇನ್ನೊಬ್ಬರು ಒಮ್ಮೆ ನೋಡಲಿ." ಇದನ್ನು ಯಾರು ಬೇಕಾದರೂ ಕೇಳಬಹುದು. ಒಪ್ಪಿದರೆ ಸರಿ. ಒಪ್ಪದೆ ಕೆಲಸಕ್ಕೇ ತೊಂದರೆಯಾಗುವ ಹಾಗಿದ್ದರೆ ಆಗ ವೈದ್ಯರ ಪತ್ರದೊಂದಿಗೆ ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಮಾಹಿತಿ ನಿಮ್ಮದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆಯ ಹಕ್ಕು ಇದೆ, ನಿಮ್ಮ ವೈದ್ಯರು ಅದನ್ನು ಶಾಲೆಗೆ ಹೇಳುವ ಹಾಗಿಲ್ಲ. ಮಕ್ಕಳ ವಿಷಯದಲ್ಲೂ ಇದೇ ಗೋಪ್ಯತೆ ಪಾಲಿಸಿ. ಅವರ ವರದಿಯನ್ನು ಶಿಕ್ಷಕರ ಗ್ರೂಪಿಗೆ ಹಾಕಬೇಡಿ, ಯಾವ ಎಐ ಚಾಟ್‌ಗೂ ಹೆಸರು ಸಹಿತ ಕೊಡಬೇಡಿ.

ಕಂಪನಿಯವರ ಆ್ಯಪ್. ಕೊಳ್ಳಲೇಬೇಡಿ ಅನ್ನುವುದಿಲ್ಲ. ಆಡಳಿತ ಮಂಡಳಿ ದುಡ್ಡು ಕಟ್ಟುವ ಮೊದಲು ಅವರನ್ನು ನಿಮ್ಮ ತರಗತಿಗೆ ಕರೆಯಿರಿ. ನಿಮ್ಮದೇ ಒಂದು ಕನ್ನಡ ಪಾಠವನ್ನು ಅದಕ್ಕೆ ಹಾಕಿ, ಒತ್ತಕ್ಷರ ಸಹಿತ ಸರಿಯಾಗಿ ಓದುತ್ತದೆಯೇ ಕೇಳಿಸಿಕೊಳ್ಳಿ. ನೆಟ್ ಇಲ್ಲದಾಗ ನಡೆಯುತ್ತದೆಯೇ, ಟೈಮರ್ ಮತ್ತು ಸದ್ದನ್ನು ಆಫ್ ಮಾಡಬಹುದೇ ನೋಡಿ. ಮಗು ನೋಡಿ ಕಲಿಯುವ ಜಾತಿಯೋ ಕೇಳಿ ಕಲಿಯುವ ಜಾತಿಯೋ ಅಂತ ಆ್ಯಪ್ ಕಂಡುಹಿಡಿಯುತ್ತದೆ ಅಂದರೆ ಅನುಮಾನ ಪಡಿ. ಹಾಗೆ ಮಕ್ಕಳನ್ನು ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಮಕ್ಕಳ ಮಾಹಿತಿ ಎಲ್ಲಿ ಇರುತ್ತದೆ ಅಂತ ಬರೆದು ಕೊಡಲು ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಇದೆ. ಒಂದು ತಿಂಗಳು ಉಚಿತವಾಗಿ ಬಳಸಲು ಕೇಳಿ, ಆ ಹುಡುಗ ಮತ್ತು ಹುಡುಗಿ ಇಬ್ಬರಿಗೂ ಕೊಟ್ಟು ನೋಡಿ. ಅವರು ತಾವಾಗಿಯೇ ಮತ್ತೆ ತೆರೆಯುತ್ತಿದ್ದರೆ ಆಗ ದರದ ಮಾತಾಡಿ.